ಹೊಸ ಟಿವಿಯಲ್ಲಿ ಸಿನಿಮಾ ಜರ್ಕ್ ಹೊಡೆಯುತ್ತಿದೆಯೇ? ಸ್ಟೆಬಿಲೈಸರ್ ತರುವ ಮುಂಚೆ ಇದನ್ನು ಓದಿ

ಕಳೆದ ಆಯುಧಪೂಜೆಗೆ ಕೊಳ್ಳೇಗಾಲದ ನಮ್ಮ ಸೋದರಮಾವನ ಮನೆಗೆ 43 ಇಂಚಿನ ಹೊಸ ಟಿವಿ ಬಂತು. ದೀಪಾವಳಿ ಮುಗಿದ ವಾರಕ್ಕೆ ಮಾವನ ಫೋನ್. "ಏನ್ ಕನಪ್ಪ, ಸೀರಿಯಲ್ಲು ಚೆಂದಾಗೇ ಬತ್ತದ, ಸಿನ್ಮಾ ಹಾಕುದ್ರೆ ಗಕ್ ಗಕ್ ಅಂತದ. ಟಿವಿ ಕೆಟ್ಟೋಯ್ತದ ಅಂತಾವ್ರ."

ಯಾರು ಹಾಗೆ ಹೇಳಿದ್ದು ಅಂದರೆ, ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದ ಒಂದು ಫಾರ್ವರ್ಡ್. ಅದರ ಸಾರ ಹೀಗಿತ್ತು: ನಮ್ಮ ದೇಶದ ಕರೆಂಟು 50 ಹರ್ಟ್ಸ್, ಈಗಿನ ಟಿವಿಗಳು 60 ಹರ್ಟ್ಸ್. ಎರಡಕ್ಕೂ ಹೊಂದಿಕೆಯಾಗದೆ ಚಿತ್ರ ಜರ್ಕ್ ಹೊಡೆಯುತ್ತದೆ. ಹೀಗೇ ಬಿಟ್ಟರೆ ಪ್ಯಾನೆಲ್ ಸುಟ್ಟುಹೋಗುತ್ತದೆ, ಕಣ್ಣೂ ಹಾಳಾಗುತ್ತದೆ. ಪರಿಹಾರಕ್ಕೆ ಒಂದು ಸ್ಟೆಬಿಲೈಸರ್, ಚಿನ್ನದ ಲೇಪನದ ಎಚ್‌ಡಿಎಂಐ ಕೇಬಲ್, ಅದಕ್ಕೂ ಬಗ್ಗದಿದ್ದರೆ 120 ಹರ್ಟ್ಸ್ ಟಿವಿ. ಮಾವ ಆಗಲೇ ಸ್ಟೆಬಿಲೈಸರ್ ಬೆಲೆ ವಿಚಾರಿಸಿ ಬಂದಿದ್ದರು. ಟಿವಿ ಕಂತಿನಲ್ಲಿ ತಂದದ್ದು, ಮೊದಲ ಕಂತು ಕಟ್ಟಿ ತಿಂಗಳಾಗಿರಲಿಲ್ಲ.

ನಿಮ್ಮ ಗ್ರೂಪಿಗೂ ಇಂಥದ್ದೇ ಮೆಸೇಜ್ ಬಂದಿರಬಹುದು. ಅದರಲ್ಲಿ ಒಂದು ಮಾತು ಮಾತ್ರ ಸತ್ಯದ ಹತ್ತಿರ ಸುಳಿಯುತ್ತದೆ. ಎರಡು ಸಂಖ್ಯೆಗಳು ಹೊಂದುತ್ತಿಲ್ಲ ಎಂಬುದು ನಿಜ. ಆದರೆ ಅವು ಕರೆಂಟಿನ ಮತ್ತು ಟಿವಿಯ ಸಂಖ್ಯೆಗಳಲ್ಲ, ಸಿನಿಮಾದ ಮತ್ತು ಟಿವಿಯ ಸಂಖ್ಯೆಗಳು.

24ನ್ನು 60ಕ್ಕೆ ಹಂಚುವ ಲೆಕ್ಕ

ವಿಡಿಯೊ ಅಂದರೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸಾಲು. ಒಂದೊಂದು ಚಿತ್ರವೂ ಒಂದು ಫ್ರೇಮ್. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಇರುತ್ತವೆ. ಇದು ಫ್ರೇಮ್ ರೇಟ್. ಟಿವಿಯ ಪರದೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ಬರೆಯುತ್ತದೆ ಎಂಬುದು ರಿಫ್ರೆಶ್ ರೇಟ್. ಮಧ್ಯಮ ಬೆಲೆಯ ಟಿವಿಗಳಲ್ಲಿ ಸಾಮಾನ್ಯವಾಗಿ ಅದು 60.

ಈಗ 60ನ್ನು 24ರಿಂದ ಭಾಗಿಸಿ. ಎರಡೂವರೆ ಬರುತ್ತದೆ. ಪ್ರತಿ ಫ್ರೇಮನ್ನೂ ಎರಡೂವರೆ ಸಲ ತೋರಿಸಬೇಕು, ಆದರೆ ಅರ್ಧ ಸಲ ತೋರಿಸುವುದು ಪರದೆಗೆ ಸಾಧ್ಯವಿಲ್ಲ. ಹಾಗಾಗಿ ಟಿವಿ ಒಂದು ಉಪಾಯ ಮಾಡುತ್ತದೆ. ಮೊದಲ ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ, ಮತ್ತೆ ಎರಡು, ಮತ್ತೆ ಮೂರು. ಸೆಕೆಂಡಿನ ಕೊನೆಗೆ ಲೆಕ್ಕ ಸರಿಹೋಗುತ್ತದೆ. ಆದರೆ ಒಂದು ಚಿತ್ರ ಸುಮಾರು 33 ಮಿಲಿಸೆಕೆಂಡ್ ನಿಂತರೆ ಅದರ ಪಕ್ಕದ್ದು 50 ಮಿಲಿಸೆಕೆಂಡ್ ನಿಲ್ಲುತ್ತದೆ. ಎಲ್ಲವೂ ಸಮನಾಗಿ ಸುಮಾರು 42 ನಿಲ್ಲಬೇಕಿತ್ತು.

ಮಲೆ ಮಹದೇಶ್ವರ ಬೆಟ್ಟದ ಜಾತ್ರೆಯಲ್ಲಿ ಬೀಸು ಕಂಸಾಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾದಪ್ಪನ ಗುಡ್ಡರು ತಾಳದ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕುತ್ತಾರೆ, ಅದಕ್ಕೇ ಆ ಕುಣಿತ ನೀರು ಹರಿದ ಹಾಗೆ ಕಾಣುತ್ತದೆ. ಅದೇ ಜನ ಒಂದು ಹೆಜ್ಜೆಯನ್ನು ಎರಡು ಪೆಟ್ಟಿಗೆ, ಮುಂದಿನದನ್ನು ಮೂರು ಪೆಟ್ಟಿಗೆ ಎತ್ತಿಟ್ಟರೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ. ಸುತ್ತು ಮುಗಿಸುವ ಹೊತ್ತಿಗೆ ಎಲ್ಲರೂ ಸರಿಯಾದ ಜಾಗದಲ್ಲೇ ಇರುತ್ತಾರೆ. ನಡಿಗೆ ಮಾತ್ರ ಕುಂಟುತ್ತದೆ.

ಇಬ್ಬರು ಕೂತು ಮಾತಾಡುವ ದೃಶ್ಯದಲ್ಲಿ ಈ ಕುಂಟು ಕಾಣುವುದಿಲ್ಲ. ಕ್ಯಾಮೆರಾ ನಿಧಾನವಾಗಿ ಬೆಟ್ಟದ ಸಾಲಿನ ಮೇಲೆ ಅಡ್ಡಕ್ಕೆ ತಿರುಗುವಾಗ, ಕೊನೆಯಲ್ಲಿ ಹೆಸರುಗಳು ಮೇಲಕ್ಕೆ ಸರಿಯುವಾಗ ಕಣ್ಣಿಗೆ ಹೊಡೆಯುತ್ತದೆ.

ಟೆಂಟಿನಲ್ಲಿ ಕುಂಟದ ಸಿನಿಮಾ ಮನೆಯಲ್ಲೇಕೆ ಕುಂಟುತ್ತದೆ?

ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ವೇಗ ಹೆಚ್ಚುಕಮ್ಮಿಯಾದರೂ ನಡೆಯುತ್ತಿತ್ತು. 1920ರ ದಶಕದ ಕೊನೆಗೆ ಸಿನಿಮಾಕ್ಕೆ ಮಾತು ಬಂತು. ಧ್ವನಿ ಫಿಲ್ಮಿನ ಅಂಚಿನಲ್ಲೇ ಅಚ್ಚಾಗತೊಡಗಿದ ಮೇಲೆ ವೇಗ ಬದಲಾದರೆ ಶ್ರುತಿಯೂ ಬದಲಾಗುತ್ತದೆ. ಹಾಗಾಗಿ ಸೆಕೆಂಡಿಗೆ 24 ಎಂಬ ಲೆಕ್ಕ ಗಟ್ಟಿಯಾಗಿ ನಿಂತಿತು. 1934ರಲ್ಲಿ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ಬರುವ ಹೊತ್ತಿಗೆ ಈ ಲೆಕ್ಕ ಜಗತ್ತಿನಲ್ಲೆಲ್ಲ ನೆಲೆಯೂರಿತ್ತು. ಇವತ್ತಿನ ಡಿಜಿಟಲ್ ಸಿನಿಮಾವೂ ಅದನ್ನೇ ಪಾಲಿಸುತ್ತದೆ.

ನಮ್ಮ ಕಡೆಯ ಟೂರಿಂಗ್ ಟಾಕೀಸಿನ ಪ್ರೊಜೆಕ್ಟರ್‌ನಲ್ಲಿ ಬೆಳಕಿನ ಮುಂದೆ ಒಂದು ರೆಕ್ಕೆಯ ಚಕ್ರ ತಿರುಗುತ್ತಿತ್ತು. ಅದು ಪ್ರತಿ ಫ್ರೇಮನ್ನೂ ಎರಡು ಸಲ ಪರದೆಗೆ ಬಿಡುತ್ತಿತ್ತು, ಕೆಲವು ಯಂತ್ರಗಳಲ್ಲಿ ಮೂರು ಸಲ. ಅಂದರೆ ಸೆಕೆಂಡಿಗೆ 48 ಅಥವಾ 72 ಮಿನುಗು. ಎಲ್ಲ ಫ್ರೇಮಿಗೂ ಸಮಪಾಲು ಸಿಗುತ್ತಿದ್ದುದರಿಂದ ಕುಂಟುವ ಪ್ರಶ್ನೆಯೇ ಇರಲಿಲ್ಲ. ಫಿಲ್ಮು ಕಿತ್ತುಹೋಗಿ ಜನ ಶಿಳ್ಳೆ ಹಾಕುತ್ತಿದ್ದದ್ದು ಬೇರೆ ಮಾತು.

ಟಿವಿಯ ಕಥೆ ಬೇರೆ. ಮೊದಮೊದಲ ಟಿವಿಗಳನ್ನು ರೂಪಿಸಿದವರು ಅದರ ವೇಗವನ್ನು ಬೇಕೆಂದೇ ಕರೆಂಟಿನ ವೇಗಕ್ಕೆ ಹೊಂದಿಸಿದರು. ಹಾಗೆ ಮಾಡದಿದ್ದರೆ ಕರೆಂಟಿನ ಏರಿಳಿತದಿಂದ ಪರದೆಯ ಮೇಲೆ ಪಟ್ಟೆಗಳು ಹರಿದಾಡುತ್ತಿದ್ದವು. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಅಲ್ಲಿನ ಟಿವಿಯೂ 60. ಯುರೋಪಿನಲ್ಲಿ, ನಮ್ಮಲ್ಲಿ ಎರಡೂ 50. ಫಾರ್ವರ್ಡ್‌ನಲ್ಲಿದ್ದ 50 ಮತ್ತು 60ರ ಮೂಲ ಇದೇ. ಹಳೆಯ ಕಾಲದ ಒಂದು ನಿಜವನ್ನು ಯಾರೋ ಇವತ್ತಿನ ಟಿವಿಗೆ ಅಂಟಿಸಿದ್ದಾರೆ.

ದೂರದರ್ಶನ ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಒಂದೊಂದನ್ನೂ ಎರಡು ಕಂತಿನಲ್ಲಿ ಬರೆದರೆ 50. ಅದರಲ್ಲಿ 24ರ ಸಿನಿಮಾ ತೋರಿಸುವುದಕ್ಕೆ ಈ ಪದ್ಧತಿಯ ದೇಶಗಳಲ್ಲಿ ಒಂದು ಸರಳ ರೂಢಿಯಿತ್ತು. ಸಿನಿಮಾವನ್ನೇ ಸ್ವಲ್ಪ ಜೋರಾಗಿ, 25ರಲ್ಲಿ ಓಡಿಸಿಬಿಡುವುದು. ಹಾಗೆ ಓಡಿಸಿದರೆ ಎರಡೂವರೆ ಗಂಟೆಯ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತದೆ. ಹಾಡಿನ ಶ್ರುತಿಯೂ ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿನಷ್ಟು ಮೇಲೇರುತ್ತದೆ. ಭಾನುವಾರ ಪಕ್ಕದ ಮನೆಯ ಕಿಟಕಿಯಲ್ಲಿ ನಿಂತು ರಾಜಕುಮಾರ್ ಚಿತ್ರ ನೋಡುತ್ತಿದ್ದ ನಮಗೆ ಅದರ ಪರಿವೆ ಎಲ್ಲಿರಬೇಕು! ಚಿತ್ರವಂತೂ ಕುಂಟುತ್ತಿರಲಿಲ್ಲ.

ಹಾಗಾದರೆ ಕರೆಂಟು?

ಕೊಳ್ಳೇಗಾಲದ ಪಕ್ಕದಲ್ಲೇ ಇರುವ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಇವತ್ತು ದೇಶದ ಗ್ರಿಡ್ ಪೂರ್ತಿ 50 ಹರ್ಟ್ಸ್. ಆದರೆ ಆ 50 ನಿಮ್ಮ ಟಿವಿಯ ಒಳಗೆ ಹೋಗಿ ಪರದೆಯನ್ನು ಮುಟ್ಟುವುದೇ ಇಲ್ಲ. ಪವರ್ ಬೋರ್ಡಿಗೆ ಬಂದ ಕೂಡಲೇ ಅದು ಡಿಸಿ ಆಗುತ್ತದೆ, ಅಂದರೆ ಬ್ಯಾಟರಿಯಿಂದ ಬರುವಂಥ ಕರೆಂಟು. ಪರದೆಯ ವೇಗ ಎಷ್ಟಿರಬೇಕೆಂದು ಹೇಳುವುದು ಒಳಗಿನ ಒಂದು ಪುಟ್ಟ ಹರಳಿನ ಗಡಿಯಾರ, ಕೈಗಡಿಯಾರದಲ್ಲಿ ಇರುವಂಥದ್ದೇ. ಇನ್ವರ್ಟರ್ ಮೇಲೆ ಓಡಿಸಿದರೂ, ಸೋಲಾರ್ ಮೇಲೆ ಓಡಿಸಿದರೂ ಜರ್ಕ್ ಅಷ್ಟೇ ಇರುತ್ತದೆ.

ಸ್ಟೆಬಿಲೈಸರ್ ಸರಿಮಾಡುವುದು ವೋಲ್ಟೇಜನ್ನು, ಹರ್ಟ್ಸನ್ನಲ್ಲ. ಮಳೆಗಾಳಿಗೆ ವೋಲ್ಟೇಜ್ ಏರಿಳಿಯುವ ಊರಿನಲ್ಲಿ ಟಿವಿ ಉಳಿಸಿಕೊಳ್ಳಲು ಬೇಕಿದ್ದರೆ ತನ್ನಿ, ಅದು ಒಳ್ಳೆಯದೇ. ಜರ್ಕ್ ಹೋಗುತ್ತದೆಂದು ತರಬೇಡಿ. ಎಚ್‌ಡಿಎಂಐ ಕೇಬಲ್ಲಿಗೂ ಇದೇ ಮಾತು. ಅದು ಕೆಟ್ಟಿದ್ದರೆ ಪರದೆಯಲ್ಲಿ ಚುಕ್ಕಿಗಳು ಮಿನುಗುತ್ತವೆ, ಚಿತ್ರ ಹೋಗಿಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ತಾಳಬದ್ಧವಾಗಿ ಕುಂಟುವ ಚಿತ್ರ ಕೆಟ್ಟ ಕೇಬಲ್ಲಿನ ಲಕ್ಷಣವಲ್ಲ.

ಮೂರು ಊರು, ಮೂರು ದೂರು

ಮಾವನ ಮನೆಯಲ್ಲಿ ಸೀರಿಯಲ್ ಸರಿಯಾಗಿ ಬಂದು ಸಿನಿಮಾ ಮಾತ್ರ ಕುಂಟಿದ್ದೇಕೆ? ಸೀರಿಯಲ್ ಬರುತ್ತಿದ್ದದ್ದು ಸೆಟ್‌ಟಾಪ್ ಬಾಕ್ಸಿನಿಂದ. ನಮ್ಮ ಚಾನೆಲ್‌ಗಳ ಲೆಕ್ಕ 25 ಮತ್ತು 50. ಬಾಕ್ಸು 50 ಕಳಿಸಿದರೆ ಬಹುತೇಕ ಟಿವಿಗಳು ತಮ್ಮ ಪರದೆಯನ್ನೂ 50ಕ್ಕೆ ಇಳಿಸಿಕೊಳ್ಳುತ್ತವೆ. ಸಿನಿಮಾ ಬರುತ್ತಿದ್ದದ್ದು ಟಿವಿಗೆ ಚುಚ್ಚಿದ ಸ್ಟ್ರೀಮಿಂಗ್ ಸ್ಟಿಕ್ಕಿನ ಆ್ಯಪ್‌ನಿಂದ. ಸ್ಟಿಕ್ಕು 60ರಲ್ಲೇ ಕೂತಿತ್ತು.

ಹನೂರಿನ ಗೆಳೆಯನೊಬ್ಬನದು ಬೇರೆ ತಕರಾರು: ಸಿನಿಮಾ ಪರವಾಗಿಲ್ಲ, ಕ್ರಿಕೆಟ್ಟಿನಲ್ಲಿ ಚೆಂಡು ಬೌಂಡರಿಗೆ ಓಡುವಾಗ ಹುಲ್ಲು ನಡುಗುತ್ತದೆ. ಯಾರೋ ಅವನ ಸೆಟ್‌ಟಾಪ್ ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ದೊಡ್ಡ ಸಂಖ್ಯೆಯೇ ಒಳ್ಳೆಯದೆಂದು 60 ಹರ್ಟ್ಸ್ ಆರಿಸಿಟ್ಟಿದ್ದರು. ಪ್ರಸಾರ ಬರುವುದು 50ರಲ್ಲಿ. ಅದನ್ನು 60 ಮಾಡಲು ಪ್ರತಿ ಐದನೆಯ ಚಿತ್ರವನ್ನು ಎರಡು ಸಲ ತೋರಿಸಬೇಕು. ಸೆಕೆಂಡಿಗೆ ಹತ್ತು ಸಲ ಎಡವಿದ ಹಾಗೆ. ಮತ್ತೆ 50ಕ್ಕೆ ಇಳಿಸಿದ ಮೇಲೆ ಹುಲ್ಲು ನೆಟ್ಟಗಾಯಿತು. ಅವನಿಗೆ ಇನ್ನೂ ಅರ್ಧ ನಂಬಿಕೆಯಿಲ್ಲ, ಸಂಖ್ಯೆ ಕಡಿಮೆ ಮಾಡಿದರೆ ಚಿತ್ರ ಚೆನ್ನಾಗುವುದು ಹೇಗೆ ಅಂತ.

ಯಳಂದೂರಿನ ಅತ್ತೆ ಮನೆಯದು ಉಲ್ಟಾ. ಅಲ್ಲಿ ಜರ್ಕೇ ಇಲ್ಲ, ಎಲ್ಲವೂ ಬೆಣ್ಣೆಯ ಹಾಗೆ ಜಾರುತ್ತದೆ. "ಸಿನಿಮಾ ನೋಡುದ್ರೆ ಸೀರಿಯಲ್ ನೋಡ್ದಂಗದ" ಎನ್ನುವುದು ಅತ್ತೆಯ ದೂರು. ಅತ್ತೆ ಹೇಳಿದ್ದು ಅಕ್ಷರಶಃ ಸರಿ. ಇದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರೂ 'ಸೋಪ್ ಒಪೆರಾ ಎಫೆಕ್ಟ್', ಧಾರಾವಾಹಿ ಪರಿಣಾಮ ಅಂತಲೇ. ಟಿವಿ ಎರಡು ಫ್ರೇಮುಗಳ ನಡುವೆ ಏನಿದ್ದೀತು ಎಂದು ಊಹಿಸಿ ತಾನೇ ಹೊಸ ಚಿತ್ರ ಹುಟ್ಟಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇದರ ಹೆಸರು ಸ್ಯಾಮ್‌ಸಂಗ್‌ನಲ್ಲಿ 'ಆಟೋ ಮೋಷನ್ ಪ್ಲಸ್' ಅಥವಾ 'ಪಿಕ್ಚರ್ ಕ್ಲಾರಿಟಿ', ಎಲ್‌ಜಿಯಲ್ಲಿ 'ಟ್ರೂಮೋಷನ್', ಸೋನಿಯಲ್ಲಿ 'ಮೋಷನ್‌ಫ್ಲೋ', ಇನ್ನು ಕೆಲವದರಲ್ಲಿ ಬರೀ 'ಎಂಇಎಂಸಿ'. ಊಹೆ ತಪ್ಪಿದಾಗ ಓಡುವವನ ಕಾಲ ಸುತ್ತ, ಬೀಸುವ ಕೈಯ ಸುತ್ತ ನೀರು ಕದಡಿದಂತೆ ಒಂದು ಪೊರೆ ಕಾಣುತ್ತದೆ. ಕಂಸಾಳೆಯ ವಿಡಿಯೊ ಹಾಕಿ ನೋಡಿ, ತಿರುಗುವ ಬಟ್ಟಲಿನ ಅಂಚು ಕರಗಿಹೋಗುತ್ತದೆ.

2018ರ ಡಿಸೆಂಬರಿನಲ್ಲಿ ಹಾಲಿವುಡ್ ನಟ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಜೊತೆ ನಿಂತು ವಿಡಿಯೊ ಮಾಡಿ, ದಯವಿಟ್ಟು ಇದನ್ನು ಆಫ್ ಮಾಡಿ ಸಿನಿಮಾ ನೋಡಿ ಎಂದು ಕೇಳಿಕೊಂಡಿದ್ದ. ಮರುವರ್ಷವೇ ಟಿವಿ ಕಂಪನಿಗಳು ಮತ್ತು ಸ್ಟುಡಿಯೋಗಳ ಕೂಟ 'ಫಿಲ್ಮ್‌ಮೇಕರ್ ಮೋಡ್' ಘೋಷಿಸಿತು. ನಿಮ್ಮ ಟಿವಿಯಲ್ಲಿ ಆ ಮೋಡ್ ಇದ್ದರೆ ಸಿನಿಮಾಕ್ಕೆ ಅದನ್ನು ಒತ್ತಿ, ಊಹಿಸುವ ಕೆಲಸ ನಿಂತುಹೋಗುತ್ತದೆ. ಕ್ರಿಕೆಟ್ಟಿಗೆ ಸ್ವಲ್ಪ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಸಿನಿಮಾಕ್ಕೆ ಬೇಡ ಎನ್ನುವುದು ನನ್ನ ಅಭಿಪ್ರಾಯ, ಅತ್ತೆಯದೂ.

ಮನೆಯಲ್ಲೇ ಪರೀಕ್ಷೆ

ಮೊದಲು ನೆಟ್ಟಿನ ತೊಂದರೆಯೋ ಲೆಕ್ಕದ ತೊಂದರೆಯೋ ನೋಡಿಕೊಳ್ಳಿ. ಚಿತ್ರ ಪೂರ್ತಿ ನಿಂತು ನಡುವೆ ಚಕ್ರ ತಿರುಗಿದರೆ ನೆಟ್ ನಿಧಾನ, ಈ ಲೇಖನಕ್ಕೂ ಅದಕ್ಕೂ ಸಂಬಂಧವಿಲ್ಲ. ಚಿತ್ರ ಎಲ್ಲೂ ನಿಲ್ಲದೆ, ಕ್ಯಾಮೆರಾ ತಿರುಗಿದಾಗಲೆಲ್ಲ ಒಂದೇ ತಾಳದಲ್ಲಿ ಎಡವಿದರೆ ಅದು ಲೆಕ್ಕದ ತೊಂದರೆ. ಸಿನಿಮಾಕ್ಕೆ ಕೊನೆಯ ಹೆಸರುಪಟ್ಟಿ ಒಳ್ಳೆಯ ಪರೀಕ್ಷೆ. ಸೆಟ್‌ಟಾಪ್ ಬಾಕ್ಸಿಗೆ ಯಾವುದಾದರೂ ಕನ್ನಡ ನ್ಯೂಸ್ ಚಾನೆಲ್ ಹಾಕಿ, ಕೆಳಗೆ ಓಡುವ ಅಕ್ಷರಗಳನ್ನು ನೋಡಿ. ಅವು ಜಾರಿದಂತೆ ಹೋಗಬೇಕು, ನಡುಗಬಾರದು. ಅದೇ ಚಾನೆಲ್ಲನ್ನು ಆ್ಯಪ್‌ನಲ್ಲಿ ನೋಡಿದಾಗ ಅಕ್ಷರ ಒರಟಾಗಿ ಕಂಡರೆ ಟಿವಿಯನ್ನು ಬೈಯಬೇಡಿ. ಅಲ್ಲಿ 50ನ್ನು 25ಕ್ಕೆ ಇಳಿಸಿ ಕಳಿಸಿದ್ದರೆ ಅರ್ಧ ಚಲನೆ ದಾರಿಯಲ್ಲೇ ಬಿಟ್ಟುಹೋಗಿರುತ್ತದೆ.

ತೊಂದರೆ ತೋರಿಸಲೆಂದು ಫೋನಿನಲ್ಲಿ ಟಿವಿಯ ವಿಡಿಯೊ ತೆಗೆದು ಸರ್ವಿಸಿನವರಿಗೆ ಕಳಿಸುವವರಿದ್ದಾರೆ. ಅದರಲ್ಲಿ ಕಾಣುವ ಕಪ್ಪು ಪಟ್ಟೆಗಳು ಬಹುಮಟ್ಟಿಗೆ ಫೋನ್ ಕ್ಯಾಮೆರಾದ ಮತ್ತು ಪರದೆಯ ವೇಗ ಹೊಂದದೆ ಹುಟ್ಟಿದವು. ಬರಿಗಣ್ಣಿಗೆ ಕಾಣದಿದ್ದರೆ ಅವನ್ನು ದೋಷವೆಂದು ಎಣಿಸಬೇಡಿ.

ಲೆಕ್ಕದ ತೊಂದರೆ ಎಂದು ಖಾತ್ರಿಯಾದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ. ಆಂಡ್ರಾಯ್ಡ್ ಟಿವಿ, ಗೂಗಲ್ ಟಿವಿಗಳ ಹೊಸ ಆವೃತ್ತಿಗಳಲ್ಲಿ ಡಿಸ್‌ಪ್ಲೇ ವಿಭಾಗದಲ್ಲಿ 'ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್' ಎಂದು ಇರುತ್ತದೆ. ಫೈರ್ ಟಿವಿಯಲ್ಲಿ ಅದು 'ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್', ಆಪಲ್ ಟಿವಿಯಲ್ಲಿ 'ಮ್ಯಾಚ್ ಕಂಟೆಂಟ್' ಒಳಗೆ 'ಮ್ಯಾಚ್ ಫ್ರೇಮ್ ರೇಟ್'. ಆನ್ ಮಾಡಿದರೆ ಸಿನಿಮಾ ಶುರುವಾಗುವಾಗ ಬಾಕ್ಸು ಟಿವಿಗೆ 24 ಎಂದು ಹೇಳುತ್ತದೆ. ಟಿವಿ ತನ್ನ ವೇಗವನ್ನು ಅದಕ್ಕೆ ಹೊಂದಿಸಿಕೊಳ್ಳುವ ಹೊತ್ತಿನಲ್ಲಿ ಪರದೆ ಒಂದೆರಡು ಸೆಕೆಂಡ್ ಕಪ್ಪಾಗಬಹುದು. ಗಾಬರಿಯಾಗಬೇಡಿ, ಅದು ಮಾಮೂಲು. ಎಲ್ಲ ಆ್ಯಪ್‌ಗಳೂ ಇದಕ್ಕೆ ಓಗೊಡುವುದಿಲ್ಲ, ಹಾಗಾಗಿ ಒಂದರಲ್ಲಿ ಸರಿಹೋಗಿ ಇನ್ನೊಂದರಲ್ಲಿ ಹೋಗದಿರಬಹುದು.

ಕೆಲವು ಟಿವಿಗಳ ಪರದೆ 24ರ ಯಾವ ಗುಣಕಕ್ಕೂ ಬರುವುದಿಲ್ಲ. ಆಗ ಈ ಸೆಟ್ಟಿಂಗ್ ಇದ್ದೂ ಪ್ರಯೋಜನವಿಲ್ಲ, ಕುಂಟು ಉಳಿಯುತ್ತದೆ. ಅಂಥ ಟಿವಿ ಕೆಟ್ಟಿದೆ ಎಂದಲ್ಲ, ಅದರ ಮಿತಿ ಅಷ್ಟು. ಊಹಿಸುವ ಸೆಟ್ಟಿಂಗನ್ನು ತೀರಾ ಕಡಿಮೆ ಮಟ್ಟದಲ್ಲಿಟ್ಟರೆ ಸ್ವಲ್ಪ ಮೆತ್ತಗಾಗುತ್ತದೆ. 120 ಹರ್ಟ್ಸ್ ಪರದೆಯಲ್ಲಿ ಒಂದೊಂದು ಫ್ರೇಮನ್ನೂ ಐದೈದು ಸಲ ತೋರಿಸಬಹುದು, 24 ಐದಲಿ 120. ಹೊಸದು ಕೊಳ್ಳುವಾಗ ಕೈಯಲ್ಲಿ ಕಾಸಿದ್ದರೆ ಅದು ನಿಜಕ್ಕೂ ಒಳ್ಳೆಯದು. ಆದರೆ ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ ನೋಡಿ ಮೋಸಹೋಗಬೇಡಿ, ಕೆಲವೊಮ್ಮೆ ಅದು ಊಹಿಸಿ ಹುಟ್ಟಿಸಿದ ಚಿತ್ರಗಳನ್ನೂ ಸೇರಿಸಿದ ಲೆಕ್ಕ. ಪ್ಯಾನೆಲ್ಲಿನ 'ನೇಟಿವ್ ರಿಫ್ರೆಶ್ ರೇಟ್' ಎಷ್ಟು ಎಂದು ಕೇಳಿ.

ಕಣ್ಣಿನ ವಿಷಯ. ಹಳೆಯ ಡಬ್ಬಾ ಟಿವಿಯಲ್ಲಿ ಚಿತ್ರ ಪ್ರತಿ ಬಾರಿ ಹೊತ್ತಿ ಆರುತ್ತಿತ್ತು, ಅದಕ್ಕೇ ಮಿನುಗು ಕಾಣುತ್ತಿತ್ತು. ಈಗಿನ ಎಲ್‌ಇಡಿ ಟಿವಿಯಲ್ಲಿ ಮುಂದಿನ ಚಿತ್ರ ಬರುವವರೆಗೆ ಹಿಂದಿನದು ನಿಂತೇ ಇರುತ್ತದೆ. ಹಿಂಬದಿ ದೀಪದ ಮಿನುಗಿಗೆ ಕೆಲವರಿಗೆ ತಲೆನೋವು ಬರುವುದುಂಟು, ಆದರೆ 60 ಹರ್ಟ್ಸ್ ಎಂಬ ಕಾರಣಕ್ಕೆ ಕಣ್ಣು ಹಾಳಾಗುವುದಿಲ್ಲ. ಕಣ್ಣು ಉರಿಯುವುದು ರೆಪ್ಪೆ ಬಡಿಯುವುದನ್ನೇ ಮರೆತು ನೋಡುವುದರಿಂದ.

ಫೋನಿಗೂ ಇದೇ ಲೆಕ್ಕ. 30 ಫ್ರೇಮಿನಲ್ಲಿ ತೆಗೆದ ಸ್ಟೇಟಸ್ ವಿಡಿಯೊವನ್ನು 120 ಹರ್ಟ್ಸ್ ಫೋನಿನಲ್ಲಿ ನೋಡಿದರೆ ಅದೇ ಫ್ರೇಮು ನಾಲ್ಕು ನಾಲ್ಕು ಸಲ ಕಾಣುತ್ತದೆ, ಅಷ್ಟೇ. ಸ್ಕ್ರಾಲ್ ಮಾಡುವಾಗ ನುಣುಪಾಗಿರುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ.

ಮಾವನಿಗೆ ಫೋನಿನಲ್ಲೇ ಒಂದೊಂದು ಬಟನ್ ಹೇಳಿ ಸೆಟ್ಟಿಂಗ್ ಆನ್ ಮಾಡಿಸಿದೆ. ಸಿನಿಮಾ ಹಾಕಿದರು. ಎರಡು ಸೆಕೆಂಡ್ ಮೌನ, ಆಮೇಲೆ "ಹೋಯ್ತು ಕನಪ್ಪ, ಕಪ್ಪಗಾಯ್ತು" ಎಂಬ ಕೂಗು, ಅದರ ಹಿಂದೆಯೇ "ಬಂತು ಬಂತು". ಬೆಟ್ಟದ ಸಾಲಿನ ಮೇಲೆ ಕ್ಯಾಮೆರಾ ತಿರುಗಿತಂತೆ, ಗಕ್ ಅನ್ನಲಿಲ್ಲವಂತೆ. ಸ್ಟೆಬಿಲೈಸರ್ ತರಲಿಲ್ಲ.

ಒಂದು ಮಾತ್ರ ಉಳಿಯಿತು. ಮಾವನ ಮಗ ದೀಪಾವಳಿ ಜಾತ್ರೆಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ರಾತ್ರಿ ಕಂಸಾಳೆಯ ವಿಡಿಯೊ ತೆಗೆದುಕೊಂಡು ಬಂದಿದ್ದ. ಅದು ಈಗಲೂ ಟಿವಿಯಲ್ಲಿ ಎಡವುತ್ತದೆ. ಬೆಳಕು ಸಾಲದಾದಾಗ ಅನೇಕ ಫೋನುಗಳು ತಾವಾಗಿಯೇ ಫ್ರೇಮ್ ರೇಟ್ ಇಳಿಸಿಕೊಳ್ಳುತ್ತವೆ, ಒಂದೇ ವಿಡಿಯೊದೊಳಗೆ ಅದು ಹೆಚ್ಚುಕಮ್ಮಿಯೂ ಆಗುತ್ತದೆ. ತೆಗೆಯುವಾಗಲೇ ತಪ್ಪಿಹೋದ ಹೆಜ್ಜೆಯನ್ನು ಟಿವಿ ಎಲ್ಲಿಂದ ತರಬೇಕು? ಶಿವರಾತ್ರಿ ಜಾತ್ರೆಗೆ ಹೋದರೆ ಹಗಲಲ್ಲೇ ತೆಗಿ ಅಂತ ಹೇಳಿದ್ದೇನೆ.